ಅಕ್ಕ ಗೆಲುವಾದ ದಿನ

ಚಳ್ಳಕೆರೆಯಲ್ಲಿ ನಾನು ಸಂಜೆ ತಿರುಗಾಡುವ ಬೀದಿಯ ತಿರುವಿನಲ್ಲಿ ಒಂದು ಟ್ಯೂಷನ್ ಕೇಂದ್ರವಿದೆ. ಅದರ ಫಲಕದ ಮೇಲೆ ‘ಯಶಸ್ಸು ನಿಮ್ಮದೇ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದ್ದಾರೆ. ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೆ ಊಟದ ಮೇಲೆ ಎಲೆಯಡಿಕೆ ಇಲ್ಲದಿದ್ದರೂ ನಡೆದೀತು, ಕಣ್ಣಿಗೆ ಬಿದ್ದ ಪದದ ಜಾತಕ ನೋಡದೆ ನಿದ್ದೆ ಬಾರದು. ಯಶಸ್ಸೆಂದರೆ ಮೂಲದಲ್ಲಿ ಕೀರ್ತಿ. ನಾಲ್ಕು ಜನ ಹೊಗಳದಿದ್ದರೆ ಅದಕ್ಕೆ ಉಸಿರಿಲ್ಲ. ಸಿದ್ಧಿಗೆ ತಪಸ್ಸಿನ ಹೊಗೆ ಮೆತ್ತಿಕೊಂಡಿದೆ. ವಿಜಯಕ್ಕೆ ರಥ ಬೇಕು, ಪತಾಕೆ ಬೇಕು. ಇವೆಲ್ಲ ಜರಿಯಂಚಿನ ರೇಷ್ಮೆಯುಟ್ಟು ಮನೆಗೆ ಬಂದ ಅತಿಥಿಗಳು. ಅಡುಗೆಮನೆಯವರೆಗೆ ಸಲೀಸಾಗಿ ನಡೆದುಬರುವ ನಮ್ಮದೇ ಪದವೆಂದರೆ ‘ಗೆಲುವು’.

ಇದರ ಬೇರು ‘ಗೆಲ್’. ತಮಿಳಿನಲ್ಲಿ ಅದು ‘ವೆಲ್’ ಆಗಿದೆ, ತೆಲುಗಿನಲ್ಲಿ ‘ಗೆಲುಪು’ ಆಗಿ ಕೂತಿದೆ. ಕನ್ನಡದಲ್ಲಿ ಮಾತ್ರ ಈ ಪದ ರಣರಂಗ ಬಿಟ್ಟು ಯಾವಾಗಲೋ ಹಿತ್ತಿಲಿಗೆ ಬಂದುಬಿಟ್ಟಿದೆ. ಜ್ವರ ಬಿಟ್ಟ ಮಗು ಗೆಲುವಾಗುತ್ತದೆ, ನೀರು ಕಂಡ ಸಸಿ ಗೆಲುವಾಗುತ್ತದೆ. ಇವು ಯಾರನ್ನು ಸೋಲಿಸಿ ಗೆದ್ದವೆಂದು ಕೇಳಿದರೆ ನಿಘಂಟು ಮಾತನಾಡುವುದಿಲ್ಲ. ಒಂದೇ ಪದಕ್ಕೆ ಹೀಗೆ ಎರಡು ಮುಖವಿರುವುದು ಎಷ್ಟು ಫಜೀತಿಗೆ ಕಾರಣವಾದೀತೆಂದು ನನಗೆ ತಿಳಿದದ್ದು ಕಳೆದ ಪಂಚಾಯ್ತಿ ಚುನಾವಣೆಯ ಹೊತ್ತಿಗೆ.

ನನ್ನ ಅಕ್ಕ ಶಾರದೆಯನ್ನು ಮೊಳಕಾಲ್ಮೂರಿನಾಚೆ ಆಂಧ್ರದ ಗಡಿಯ ಹಳ್ಳಿಯೊಂದಕ್ಕೆ ಕೊಟ್ಟಿದೆ. ಭಾವ ವೆಂಕಟೇಶಪ್ಪ ಮನೆಯಲ್ಲೇ ಮಗ್ಗ ಹಾಕಿಕೊಂಡು ಸೀರೆ ನೇಯುವವರು. ಅವರ ತಾಯಿ ನರಸಮ್ಮತ್ತೆಗೆ ತೆಲುಗೇ ಉಸಿರು. ಕನ್ನಡ ಅರ್ಥವಾಗುತ್ತದೆ, ಆದರೆ ಅದು ತೆಲುಗಿನ ಕಿವಿಯನ್ನು ಹಾದೇ ಒಳಗೆ ಹೋಗಬೇಕು. ನೇಕಾರರ ಬೀದಿಗೆ ಕುಡಿಯುವ ನೀರಿನ ಪೈಪು ಹಾಕಿಸುತ್ತೇನೆಂದು ಭಾವ ಚುನಾವಣೆಗೆ ನಿಂತರು. ಪ್ರಚಾರದ ಭರಾಟೆಯ ನಡುವೆ ಅಕ್ಕನಿಗೆ ಡೆಂಗಿ ಜ್ವರ ಬಂತು. ನಾನು ಹತ್ತಿರವಿರುತ್ತೇನೆಂದು ಅವಳನ್ನು ಚಳ್ಳಕೆರೆಯ ಆಸ್ಪತ್ರೆಗೇ ಸೇರಿಸಿದೆವು.

ರಕ್ತದ ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಯಾರ ಮಾತಿಗೂ ತಿರುಗಲಿಲ್ಲ. ಮತದಾನ ಮುಗಿದು, ಎಣಿಕೆಯ ಹಿಂದಿನ ದಿನ ಭಾವ, “ನಾನು ಹೋಗಲ್ಲ ಮಂಜಣ್ಣ. ಯಾವನಾದ್ರೂ ಗೆಲ್ಲಲಿ” ಎಂದು ಮಂಚದ ಪಕ್ಕ ಕೂತರು. ಅಕ್ಕ ಆಗ ಕಣ್ಣು ಬಿಡದೆಯೇ, “ಹೋಗ್ರಿ. ಓಟು ಹಾಕಿದ ಜನ ಅಲ್ಲಿ ಕಾಯ್ತಿರ್ತಾರೆ” ಎಂದಳು. ಅವರು ಹಿಂದಕ್ಕೆ ನೋಡಿಕೊಳ್ಳುತ್ತಲೇ ಬಸ್ಸು ಹತ್ತಿದರು.

ಮರುದಿನ ಬೆಳಗ್ಗೆ ನಾನು ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ, “ಲೇ ಮಂಜ, ಹಸಿವಾಗ್ತೈತೆ” ಎಂಬ ದನಿ ಕೇಳಿಸಿತು. ಅಕ್ಕ ಎದ್ದು ದಿಂಬಿಗೆ ಒರಗಿ ಕೂತಿದ್ದಳು! ಡಾಕ್ಟರು ಬಂದು ನೋಡಿ, ಇನ್ನು ಭಯವಿಲ್ಲ ಎಂದರು. ನಾನು ಇಡ್ಲಿ ತಂದುಕೊಟ್ಟು, ಹೊರಗೆ ಬಂದು ಭಾವನಿಗೆ ಫೋನು ಮಾಡಿದೆ. ಎಣಿಕೆಯ ಕೋಣೆಯೊಳಗೆ ಫೋನು ಬಿಡುವುದಿಲ್ಲವಾದ್ದರಿಂದ ಅದು ಆಫಾಗಿತ್ತು. ಮನೆಗೆ ಮಾಡಿದೆ, ನರಸಮ್ಮತ್ತೆ ಎತ್ತಿಕೊಂಡರು.

“ಅತ್ತೆ, ಪೂರ್ತಿ ಗೆಲುವಾಗೈತೆ. ಇನ್ನೇನೂ ಭಯ ಇಲ್ಲ” ಎಂದೆ.

“ಗೆಲುಪೇನಾ ನಾಯನಾ?”

“ಹೂಂ ಅತ್ತೆ, ಗೆಲುವೇ.”

ವರ್ಷಗಟ್ಟಲೆ ಹುಡುಗರಿಗೆ ಕರ್ತೃ, ಕರ್ಮ, ಕ್ರಿಯಾಪದ ಬೋಧಿಸಿದ ಪಂಡಿತನು ಸಂತೋಷದ ಭರದಲ್ಲಿ ಕರ್ತೃಪದವನ್ನೇ ನುಂಗಿಬಿಟ್ಟಿದ್ದ. ಅತ್ತೆ ಬೀದಿಗಿಳಿದು ಮಗ ಗೆದ್ದನೆಂದು ಸಾರಿದರು. ಬೀದಿಯ ಮಗ್ಗಗಳೆಲ್ಲ ನಿಂತವು. ಮನೆಮನೆಗೆ ಸಕ್ಕರೆ ಹಂಚಿದ್ದಾಯಿತು, ಪಟಾಕಿಯ ಸರ ಹೊತ್ತಿಸಿದ್ದಾಯಿತು.

ಮಧ್ಯಾಹ್ನ ಭಾವನ ಫೋನು ಬಂತು. “ಮಂಜಣ್ಣ, ನಾನು ಸೋತೆ. ಸ್ವಲ್ಪದರಾಗೆ ಹೋಯ್ತು. ಮನೆಗೆ ಫೋನ್ ಮಾಡಿದ್ರೆ ಅಮ್ಮ ನಂಬವಲ್ಲಳು. ಮೇಷ್ಟ್ರು ಸುಳ್ಳು ಹೇಳ್ತಾರಾ ಅಂತ ನನ್ನೇ ಬೈತಾಳೆ. ಏನು ಹೇಳಿದ್ರಿ ನೀವು?”

ನನಗೆ ಆಗಲೇ ಹೊಳೆದದ್ದು. “ಅಕ್ಕ ಗೆಲುವಾಗವ್ಳೆ ಅಂತ ಹೇಳಾಕೆ ಮಾಡಿದ್ದೆ ಭಾವ. ಎದ್ದು ಕೂತವ್ಳೆ. ಇಡ್ಲಿ ತಿಂದ್ಲು.”

ಭಾವ, “ಬರ್ತೀನಿ” ಎಂದಷ್ಟೇ ಹೇಳಿ ಇಟ್ಟರು.

ಸಾಯಂಕಾಲ ಅವರು ವಾರ್ಡಿನ ಬಾಗಿಲಲ್ಲಿ ಕಂಡಾಗ, ಅಷ್ಟು ಜನರೆದುರು ಅವರನ್ನು ನಗೆಪಾಟಲು ಮಾಡಿದ ನಾನು ಬೈಗುಳಕ್ಕೆ ಸಿದ್ಧನಾಗಿಯೇ ಎದ್ದು ನಿಂತೆ. ಭಾವ ನನ್ನನ್ನು ನೋಡಲೇ ಇಲ್ಲ. ನೇರ ಹೋಗಿ ಅಕ್ಕನ ಹಣೆಯ ಮೇಲೆ ಅಂಗೈಯ ಹಿಂಬದಿ ಇಟ್ಟರು, ಕತ್ತು ಮುಟ್ಟಿ ನೋಡಿದರು. “ತಣ್ಣಗೈತೆ” ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಮಂಚದ ಅಂಚಿಗೆ ಕುಸಿದು ಕೂತು ಕಣ್ಣೊರೆಸಿಕೊಂಡರು. ಅದು ಸೋಲಿನ ಕಣ್ಣೀರೋ ಮತ್ತೊಂದರದೋ, ನಾನು ವಿಂಗಡಿಸಲು ಹೋಗಲಿಲ್ಲ. ಪದದ ಅರ್ಥ ಬಿಡಿಸಿದ್ದು ಆ ದಿನಕ್ಕೆ ಸಾಕಾಗಿತ್ತು.

ಅಷ್ಟರಲ್ಲಿ ನರಸಮ್ಮತ್ತೆಯ ಫೋನು. ನಿಜ ಈಗ ಊರಿಗೂ ಮುಟ್ಟಿತ್ತು. ಸಕ್ಕರೆ ತಿಂದವರೆದುರು ನಾಳೆ ಯಾವ ಮುಖ ಹೊತ್ತು ತಿರುಗಲಿ ಎಂದು ಅವರು ಗೋಳಾಡುವುದು ನನ್ನವರೆಗೂ ಕೇಳಿಸುತ್ತಿತ್ತು. ಭಾವ ಸಮಾಧಾನವಾಗಿ ತೆಲುಗಿನಲ್ಲಿ ಹೇಳಿದರು: “ಹಂಚಿದ್ದು ಹಂಚಿದ್ದೇ ಆಯ್ತಮ್ಮ. ಯಾರಾದ್ರೂ ಕೇಳಿದ್ರೆ, ನಮ್ಮ ಶಾರದಾಗೆ ಜ್ವರ ಬಿಟ್ಟಿತು, ಅದಕ್ಕೇ ಪಟಾಕಿ ಹೊಡೆಸಿದೆ ಅನ್ನು.”

ಅಕ್ಕ ಇಷ್ಟು ವರ್ಷ ಆ ಮನೆಯಲ್ಲಿ ಬಾಳಿ ತೆಲುಗನ್ನು ನಮಗಿಂತ ಚೆನ್ನಾಗಿ ಬಲ್ಲವಳು. ಸೆರಗನ್ನು ಹೆಗಲ ಮೇಲೆ ಸರಿಪಡಿಸಿಕೊಂಡು, ಮೆಲ್ಲಗೆ ಗಂಡನ ತೋಳು ತಟ್ಟಿದಳು.

“ಪಟಾಕಿ ಜಾಸ್ತಿನೇ ಹೊಡೆದ್ರಾ, ಕೇಳ್ರಿ ಸ್ವಲ್ಪ.”