ಬಳೆಯವ್ವನ ಮಲಾರ

ಗುಂಡ್ಲುಪೇಟೆ ಬಸ್ ನಿಲ್ದಾಣದ ಎದುರಿನ ಫ್ಯಾನ್ಸಿ ಸ್ಟೋರಿನಲ್ಲಿ ಆ ಹುಡುಗಿ ನನ್ನ ಕೈಗೆ ಪ್ಲಾಸ್ಟಿಕ್ ಕವರ್ ತೊಡಿಸಿದಳು. ಈಗೆಲ್ಲ ಬಳೆ ಇಡುವುದು ಹೀಗೆಯೇ ಅಂತೆ. ಕವರಿನ ಮೇಲೆ ಬಳೆ ಜಾರಿಸಿ, ಆಮೇಲೆ ಕವರನ್ನು ಸರ್ರನೆ ಎಳೆದುಬಿಡುವುದು. ಮಗಳ ಸೀಮಂತಕ್ಕೆ ಬಳೆ ತರಲು ಹೋಗಿದ್ದೆವು. "ನೀನೂ ಇಟ್ಕೊ ಅವ್ವ" ಎಂದು ಅವಳದು ಒಂದೇ ಹಟ. ಗಂಡ ಸತ್ತವಳಿಗೆ ಬಳೆ ಯಾಕೆ ಎನ್ನುವವರು ಈಗಲೂ ಇದ್ದಾರೆ. ಅನ್ನಲಿ, ಅವರ ಬಾಯಿ ಅವರದು. ಕೈ ಚಾಚಿದೆ. ಗೆಣ್ಣಿನ ಹತ್ತಿರ ಬರುವಾಗ ಕವರ್ ಹರಿಯಿತು, ಬಳೆ ಚಟ್ ಎಂದು ಮುರಿಯಿತು, ಸಾಸಿವೆ ಕಾಳಿನಷ್ಟು ರಕ್ತ ಕಾಣಿಸಿತು. "ಅಯ್ಯೋ ಆಂಟಿ" ಎನ್ನುತ್ತ ಹುಡುಗಿ ತನ್ನ ಹೆಬ್ಬೆರಳನ್ನು ಅದರ ಮೇಲೆ ಒತ್ತಲು ಬಂದಳು. ನಾನು ಕೈ ಹಿಂದಕ್ಕೆಳೆದುಕೊಂಡೆ.

ಆ ಹೆಬ್ಬೆರಳು... ಅದನ್ನು ನಾನು ಮೊದಲೇ ಕಂಡಿದ್ದೆ. ಈ ಹುಡುಗಿಯದಲ್ಲ, ಬಳೆಯವ್ವನದು.

ಬಳೆಯವ್ವ ಉಡಿಗಾಲದವಳು. ತೊಂಬತ್ತರ ದಶಕದಲ್ಲಿ ನಾನು ತೆರಕಣಾಂಬಿಗೆ ಸೊಸೆಯಾಗಿ ಬಂದಾಗ ಆ ಕಡೆಯ ಹೆಂಗಸರಿಗೆಲ್ಲ ಬಳೆ ಇಡುತ್ತಿದ್ದವಳು ಅವಳೇ. ಬಳೆಗಳನ್ನು ಹಗ್ಗಕ್ಕೆ ಪೋಣಿಸಿ ಕಟ್ಟಿದ ಮಲಾರವನ್ನು ಹೆಗಲಿಗೇರಿಸಿಕೊಂಡು ಬಸ್ಸಿನಿಂದ ಇಳಿಯುತ್ತಿದ್ದಳು. ಕಂಡಕ್ಟರ್ ಲಗೇಜು ಚಾರ್ಜು ಕೇಳಿದರೆ "ನಿನ್ನೆಂಡ್ರು ಕೈಗೆ ಬಳೆ ಇಟ್ಟೋಳು ಯಾರ್ಲಾ?" ಎಂದು ದಬಾಯಿಸಿ ಇಳಿದುಬಿಡುತ್ತಿದ್ದಳು. ಜಗಲಿಯ ಮೇಲೆ ಕೂತು, ನಮ್ಮ ಕೈಯನ್ನು ಮಡಿಲಿಗೆಳೆದುಕೊಂಡು, ಚಪಾತಿ ಹಿಟ್ಟು ನಾದುವಂತೆ ನಾದಿ ಮೆತ್ತಗೆ ಮಾಡುತ್ತಿದ್ದಳು. ಆಮೇಲೆ ಗಾಜು ಏರಿದ್ದೇ ಗೊತ್ತಾಗುತ್ತಿರಲಿಲ್ಲ.

ಅವಳದೊಂದು ರೂಢಿಯಿತ್ತು. ಶುಭಕಾರ್ಯದಲ್ಲಿ ಬಳೆ ಮುರಿದು ರಕ್ತ ಬಂದರೆ ಹಿರಿಯರ ಕಣ್ಣಿಗೆ ಬೀಳಬಾರದು, ಅಪಶಕುನ ಎನ್ನುತ್ತಾರೆ. ಅದಕ್ಕೇ ಚಟ್ ಎಂದ ಕೂಡಲೇ ಚೂರನ್ನು ಮಡಿಲಿಗೆ ಜಾರಿಸಿ, ರಕ್ತದ ಮೇಲೆ ಹೆಬ್ಬೆರಳೊತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಹಳೆಯ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದಳು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಎದುರಿಗೆ ಕೂತವರಿಗೂ ತಿಳಿಯುತ್ತಿರಲಿಲ್ಲ. ಎಲ್ಲ ಕೈಗೂ ಅದೊಂದೇ ಬಟ್ಟೆ.

ನನ್ನ ಗಂಡ ಕೇರಳಕ್ಕೆ ತರಕಾರಿ ಲೋಡು ಹೊಡೆಯುವ ಲಾರಿಯ ಡ್ರೈವರ್. ಕೆಟ್ಟವನಲ್ಲ. ಕೆಮ್ಮು ಬಿಡದೆ ದೊಡ್ಡಾಸ್ಪತ್ರೆಗೆ ಸೇರಿಸಿದಾಗ ಅವನ ರಕ್ತ ನೋಡಿದರು, ಆಮೇಲೆ ನನ್ನದನ್ನೂ ತೆಗೆದುಕೊಂಡರು. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ, ಹೊಟ್ಟೆಯಲ್ಲಿ ಮಗು. ನರ್ಸೊಬ್ಬಳು ವರಾಂಡದಲ್ಲಿ, ಔಷಧಿಗೆ ಸಾಲು ನಿಂತ ಜನರ ಪಕ್ಕದಲ್ಲೇ, ತಗ್ಗಿದ ದನಿಯಲ್ಲಿ ಹೇಳಿದಳು: "ನಿಂಗೂ ಏಡ್ಸ್ ಇದೆಯಮ್ಮ. ಯಾರ್ಗೂ ಹೇಳೋಕೋಗ್ಬೇಡ." ಅಷ್ಟೇ. ಅದು ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಮಗುವಿನ ಗತಿಯೇನು, ಒಂದೂ ಹೇಳಲಿಲ್ಲ. ಕೇಳಲು ನನಗೂ ಬಾಯಿ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಹೇಳಿದ್ದೂ ಒಂದೇ ಮಾತು. "ಅವ್ವಂಗೆ ಏಳ್ಬುಟ್ಟೀಯ ಕಣೆ. ಗೊತ್ತಾದ್ರೆ ಇಬ್ರುನೂವೆ ಆಚೆಗಾಕ್ತಾಳೆ."

ನಾನು ಹೇಳಲಿಲ್ಲ. ಬಸುರಿ ಬಯಕೆಗೆ ನಾನು ಮಾಗಳಿ ಬೇರಿನ ಉಪ್ಪಿನಕಾಯಿ ಬೇಕೆಂದಾಗ ಅತ್ತೆ ಮನೆಮನೆ ತಿರುಗಿ ತಂದುಕೊಟ್ಟಳು. ಅದನ್ನು ತಿನ್ನುವಾಗಲೂ ಹೇಳಲಿಲ್ಲ. ಹೆರಿಗೆಯವರೆಗಾದರೂ ತಲೆಯ ಮೇಲೊಂದು ಸೂರು ಬೇಕಿತ್ತು, ನನ್ನ ಕರ್ಮ.

ಏಳನೇ ತಿಂಗಳಲ್ಲಿ ಬಳೆ ಇಡಿಸಿ ತವರಿಗೆ ಕಳಿಸುವ ಶಾಸ್ತ್ರ. ಬೀದಿಯ ಹೆಂಗಸರೆಲ್ಲ ಸೇರಿದ್ದರು. ನಮ್ಮವ್ವ ತಟ್ಟೆ ಹಿಡಿದು ನಿಂತಿದ್ದಳು. ಬಳೆಯವ್ವ ನನ್ನ ಕೈ ನಾದಿ ಹಸಿರು ಬಳೆ ಏರಿಸತೊಡಗಿದಳು. ನನ್ನ ಜೀವವೆಲ್ಲ ಆ ಗಾಜಿನ ಮೇಲೇ ಇತ್ತು. ಎಡಗೈ ಮುಗಿಯಿತು. ಬಲಗೈಯಲ್ಲಿ ಚಟ್ ಎಂದಿತು. ನಾನು ಉಸಿರು ಬಿಡುವುದರೊಳಗೆ ಅವಳ ಹೆಬ್ಬೆರಳು ರಕ್ತದ ಮೇಲಿತ್ತು. ಆ ಬೆರಳ ತುಂಬ ಗಾಜು ಗೀರಿದ ಗಾಯಗಳು, ಕೆಲವು ಇನ್ನೂ ಹಸಿ.

ತಡೆಯಲಾಗಲಿಲ್ಲ. ಅವಳ ಕಿವಿಯ ಹತ್ತಿರ ಬಾಗಿದೆ. "ಬಳೆಯವ್ವ, ಬೆರಳು ತೆಗಿ. ನನ್ ರಕ್ತ ಸರಿಯಿಲ್ಲ."

"ಏನಾಯ್ತಮ್ಮಿ?"

"ಏಡ್ಸ್ ಅಂದ್ರು."

ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಹೆತ್ತವಳು ಮಾರು ದೂರದಲ್ಲಿ ನಿಂತಿದ್ದಳು, ಅವಳಿಗೆ ಹೇಳಿರಲಿಲ್ಲ. ಲಾರಿ ನಿಲ್ಲುವ ಕಡೆಯೆಲ್ಲ ಗೋಡೆಯ ಮೇಲೆ ಬರೆದಿದ್ದ ಪದ ಅದು. ಬಳೆಯವ್ವನಿಗೆ ಅರ್ಥವಾಯಿತು. ಅವಳು ಬೆರಳನ್ನು ಥಟ್ಟನೆ ಕಿತ್ತುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಬೆರಳು ತೆಗೆದು, ಬಟ್ಟೆಯನ್ನು ನನ್ನ ಮುಷ್ಟಿಯೊಳಗೆ ತುರುಕಿ, ಎಲ್ಲರಿಗೂ ಕೇಳುವಂತೆ ಅಂದಳು: "ಬಸುರಿ ಕೈ ಊದ್ಕಂಡದೆ ಕಣ್ರವ್ವ. ಗಾಜು ಏರಕಿಲ್ಲ. ಈ ಕೈಗೆ ರಬ್ಬರ್ ಬಳೆ ಆಕ್ತೀನಿ."

ಅತ್ತೆ ಸಿಡುಕಿದಳು. "ಶಾಸ್ತ್ರಕ್ಕೆ ರಬ್ಬರ್ ಬಳೆಯಾ? ನೋಡ್ದೋರು ಏನಂದಾರು?"

"ಗಾಜು ಮುರುದ್ರೆ ಏನಂದಾರು? ಅದ್ನೇಳು."

ಬಲಗೈಗೆ ರಬ್ಬರ್ ಬಳೆಯೇ ಏರಿತು. ಮಲಾರಕ್ಕೆ ಅರಿಶಿನ ಕುಂಕುಮ ಹಚ್ಚಿ ನಾನು ನಮಸ್ಕಾರ ಮಾಡಿದೆ. ಬಳೆಯವ್ವ ಯಾವತ್ತಿನಂತೆ ತಲೆಯ ಮೇಲೆ ಕೈಯಿಟ್ಟಳು. ಹೊರಡುವಾಗ ತೊಟ್ಟಿಯ ಹತ್ತಿರ ನಿಂತು ಕೈ ತೊಳೆಯುತ್ತಿದ್ದದ್ದು ಬಾಗಿಲಿನಿಂದ ಕಾಣಿಸಿತು. ತುಂಬ ಹೊತ್ತು ತೊಳೆದಳು. ಬಟ್ಟೆಯನ್ನು ವಾಪಸು ಕೇಳಲಿಲ್ಲ.

ತವರಿನಲ್ಲಿ ಹೆರಿಗೆಯಾಯಿತು, ಹೆಣ್ಣುಮಗು. ಅಷ್ಟರಲ್ಲಿ ಬಳೆಯವ್ವ ಬಳೆ ಬಿಟ್ಟಳೆಂದು ಸುದ್ದಿ. ಕಣ್ಣು ಕಾಣುವುದಿಲ್ಲ ಅಂತಾಳೆ ಎಂದರು. ಸೂಜಿಗೆ ದಾರ ಪೋಣಿಸುವ ಕಣ್ಣು ಅವಳದು! ಕೂಸನ್ನು ಎತ್ತಿಕೊಂಡು ಚಾಮರಾಜನಗರದಿಂದ ಬಸ್ಸಿನಲ್ಲಿ ಗಂಡನ ಮನೆಗೆ ಬರುವಾಗ ಉಡಿಗಾಲದ ಸ್ಟಾಪಿನಲ್ಲಿ ಅವಳು ಕಂಡಳು. ಹೆಗಲ ಮೇಲೆ ಮಲಾರವಿಲ್ಲ. ಮುಂದೊಂದು ಕುಕ್ಕೆ, ಅದರಲ್ಲಿ ಬೇಯಿಸಿದ ಕಡಲೆಕಾಯಿ. ನಾನು ಅಲ್ಲೇ ಇಳಿದುಬಿಟ್ಟೆ.

ಮಗುವನ್ನು ಕಣ್ತುಂಬ ನೋಡಿದಳು, ಮುಟ್ಟಲಿಲ್ಲ. "ಕೂಸಿಗೆ?" ಎಂದಳು.

"ಈಗ್ಲೇ ಗೊತ್ತಾಗಲ್ಲ ಅಂದವ್ರೆ. ನೀನ್ಯಾಕ್ ಬಳೆ ಬುಟ್ಟೆ?"

ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. "ಎಷ್ಟ್ ಎಣ್ಮಕ್ಳ ಕೈ ಇಡ್ದಿವ್ನಿ ಕಣಮ್ಮಿ. ಎಲ್ಲಾರ್ಗೂ ಅದೇ ಬಟ್ಟೇಲಿ ಒರ್ಸಿವ್ನಿ. ಯಾರ್ದ ತಂದು ಯಾರ್ಗಿಟ್ನೋ..."

"ನಂದು ಅವತ್ತೇ ಗೊತ್ತಾಯ್ತಲ್ಲ. ಬಟ್ಟೆ ನಂತಾವೇ ಬುಟ್ಟೋದೆ."

"ನಿಂದ್ ಗೊತ್ತಾಯ್ತು. ನೀನು ಏಳ್ದೆ. ಏಳ್ದೇ ಇರೋರ್ದು?"

ಹಾಗೆಲ್ಲ ಅಂಟುವುದಿಲ್ಲ ಎಂದು ಹೇಳುವಷ್ಟು ನನಗೇ ಗೊತ್ತಿರಲಿಲ್ಲ. ನನ್ನ ಮಗುವಿಗೆ ಮುತ್ತು ಕೊಡಲೂ ನಾನು ಹೆದರುತ್ತಿದ್ದ ಕಾಲ ಅದು. ಮುಂದಿನ ಬಸ್ಸು ಬಂದಾಗ ಬಳೆಯವ್ವ ನನ್ನ ಮಡಿಲಿಗೆ ಒಂದು ಬೊಗಸೆ ಕಡಲೆಕಾಯಿ ಸುರಿದಳು. "ನಾ ಯಾರ್ಗೂ ಏಳಿಲ್ಲ, ಏಳದೂ ಇಲ್ಲ. ನೀ ಎದರ್ಕಬ್ಯಾಡ" ಎಂದಳು.

ಅವಳು ಹೇಳಲಿಲ್ಲ. ಬೇರೆ ಯಾರೋ ಹೇಳಿದರು. ಗಂಡ ಸತ್ತ ಮೇಲೆ ಅತ್ತೆ ನನ್ನ ತಟ್ಟೆಯನ್ನು ಹಿತ್ತಲಿಗಿಟ್ಟಳು, ಆಮೇಲೆ ನನ್ನನ್ನೂ ಬೀದಿಗಿಟ್ಟಳು. ಅಲ್ಲಿಂದ ಶುರುವಾದ ಹೇಳುವ ಕೆಲಸ ಇನ್ನೂ ಮುಗಿದಿಲ್ಲ. ಅಣ್ಣನಿಗೆ, ಬಾಡಿಗೆ ಮನೆಯವರಿಗೆ, ಹಲ್ಲಿನ ಡಾಕ್ಟರಿಗೆ, ಮಗಳಿಗೆ, ಅಳಿಯನಿಗೆ... ಪ್ರತಿಸಲವೂ ಎದುರಿನವರ ಮುಖ ಬದಲಾಗುವುದನ್ನು ಕಾದು ನೋಡಬೇಕು. ಸಾಕಪ್ಪಾ ಸಾಕು ಅನ್ನಿಸುತ್ತದೆ. ಮಗಳಿಗೆ ಅದು ಬರಲಿಲ್ಲ, ದೇವರು ಅಷ್ಟು ಮಾತ್ರ ಕಣ್ಣು ಬಿಟ್ಟ.

ಎಷ್ಟೋ ವರ್ಷಗಳ ಮೇಲೆ ಆಸ್ಪತ್ರೆಯಲ್ಲಿ ಮಾತ್ರೆ ಕೊಡಲು ಶುರು ಮಾಡಿದಾಗ, ಅಲ್ಲೊಬ್ಬರು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಮುಟ್ಟಿದರೆ ಬರುವುದಿಲ್ಲ, ತಲೆ ಮೇಲೆ ಕೈಯಿಟ್ಟರೆ ಬರುವುದಿಲ್ಲ, ಬಟ್ಟೆಯಲ್ಲಿ ಒರೆಸಿದ್ದಕ್ಕೆ ಹೀಗೆ ಊರಿಗೆಲ್ಲ ಹರಡುವುದಿಲ್ಲ. ಕೇಳಿದವಳೇ ಮನೆಗೆ ಹೋಗಲಿಲ್ಲ, ಉಡಿಗಾಲದ ಬಸ್ಸು ಹತ್ತಿದೆ.

ಬಳೆಯವ್ವನ ಸೊಸೆ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. "ಓಗಿ ವರ್ಷಾಯ್ತು ಕಣಕ್ಕ" ಎಂದಳು. ಕಾಯಿಲೆ ಏನೂ ಅಲ್ಲ, ವಯಸ್ಸು. ಒಳಗೆ ಕರೆದು ಅಟ್ಟದ ಮೇಲಿದ್ದ ಮಲಾರ ತೋರಿಸಿದಳು. ಬಳೆಗಳು ಕಟ್ಟು ಬಿಚ್ಚದೆ ಹಾಗೇ ಇದ್ದವು, ಮೇಲೆ ಬೆರಳು ದಪ್ಪ ದೂಳು. "ಮಾರಕೂ ಬುಡ್ನಿಲ್ಲ, ಮುಟ್ಟಕೂ ಬುಡ್ನಿಲ್ಲ. ಅದೇನ್ ಕಂಡಿದ್ರೋ, ಸಾಯೋಗಂಟ ಕೈ ತೊಳೀತಾನೇ ಇದ್ರು." ನಾನು ಮಲಾರಕ್ಕೆ ಕೈ ಮುಗಿದು ಬಂದೆ. ಹೇಳಬೇಕೆಂದು ಹೊತ್ತುಕೊಂಡು ಹೋದ ಮಾತು ಹಾಗೇ ಉಳಿಯಿತು.

ಇಲ್ಲಿ ಅಂಗಡಿಯ ಹುಡುಗಿ ಬೆರಳು ಚಾಚಿಕೊಂಡೇ ನಿಂತಿದ್ದಳು. ಇನ್ನೊಮ್ಮೆ ಹೇಳಬೇಕು... ಹೇಳಿದೆ. "ನಂಗೆ ಎಚ್‌ಐವಿ ಐತೆ ಕಣಮ್ಮಿ. ನಾನೇ ಒತ್ಕತೀನಿ, ಬುಡು." ಅವಳ ಮುಖ ಬದಲಾಯಿತು, ಬದಲಾಗುವುದೇ. ಬಳೆಯ ಟ್ರೇಯನ್ನು ತುಸು ಪಕ್ಕಕ್ಕೆ ಸರಿಸಿದಳು. ನಾನು ಬಿಡಲಿಲ್ಲ, ಉಳಿದದ್ದನ್ನೂ ಹೇಳಿದೆ. ಕೈ ಹಿಡಿದರೆ ಬರುವುದಿಲ್ಲ, ನಾನು ಮಾತ್ರೆ ತಿನ್ನುತ್ತಿದ್ದೇನೆ, ನನ್ನ ಮಗಳು ಇಗೋ ಇಲ್ಲಿ ಗಟ್ಟಿಮುಟ್ಟಾಗಿ ನಿಂತಿದ್ದಾಳೆ, ಯಾರ ರಕ್ತವಾದರೂ ಬೆರಳಲ್ಲಿ ಒತ್ತಬೇಡ, ಹತ್ತಿ ಇಟ್ಟುಕೋ, ಅಷ್ಟೇ ಸಾಕು. ಹುಡುಗಿ ತಲೆಯಾಡಿಸಿ ಒಳಗಿನಿಂದ ಒಂದಿಷ್ಟು ಹತ್ತಿ ತಂದುಕೊಟ್ಟಳು. "ಸ್ಕೂಲಲ್ಲಿ ಏಳ್ಕೊಟ್ಟಿದ್ರು ಆಂಟಿ" ಎಂದಳು, ದನಿ ಸಣ್ಣಗಿತ್ತು.

"ನಾಳೆ ಅಂಗಡಿ ತೆಗೀತೀಯ ತಾನೇ?" ಎಂದು ಕೇಳಿದೆ.

ಅವಳಿಗೆ ಅರ್ಥವಾಗಲಿಲ್ಲ. "ತೆಗೀದೆ ಇನ್ನೇನ್ ಆಂಟಿ?" ಎಂದು ನಕ್ಕಳು.

ಹಾಗೆಲ್ಲ ಅಂಟುವುದಿಲ್ಲ ಎಂದು ಬಳೆಯವ್ವನಿಗೆ ಹೇಳುವವರು ಒಬ್ಬರೂ ಇರಲಿಲ್ಲ, ಅವಳು ಮಲಾರವನ್ನೇ ಕೆಳಗಿಟ್ಟುಬಿಟ್ಟಳು. ನನ್ನ ಕಣ್ಣು ತುಂಬಿದ್ದು ನೋಡಿ ಮಗಳು ಭುಜ ಹಿಡಿದುಕೊಂಡಳು. ನಾನು ಹುಡುಗಿಗೆ ಇನ್ನೊಂದು ಕೈ ಚಾಚಿದೆ. ಅವಳು ಒಂದು ಗಳಿಗೆ ತಡೆದು, ಆಮೇಲೆ ಹಿಡಿದುಕೊಂಡಳು.