ಹೊಂಗೆಯ ನೆರಳು, ನೆಲನೆಲ್ಲಿಯ ಬಿಸಿಲು

ಸೀಮೆಎಣ್ಣೆ ಕಣ್ಣಿಗೆ ಬೀಳುವುದೇ ಅಪರೂಪವಾಗಿದ್ದ ಯುದ್ಧದ ಕಾಲ ಅದು. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿನ ಮನೆಗಳಲ್ಲಿ ಸಂಜೆಯಾದರೆ ಹೊಂಗೆ ಎಣ್ಣೆಯ ದೀಪ. ಅದರ ಕಮಟು ಹೊಗೆ ಕೂದಲಿಗೆ, ಬಟ್ಟೆಗೆ, ಕೊನೆಗೆ ತಟ್ಟೆಯಲ್ಲಿದ್ದ ಮುದ್ದೆಗೂ ಅಂಟಿಕೊಳ್ಳುತ್ತಿತ್ತು. ಆಗ ನನಗೆ ಒಂಬತ್ತು ವರ್ಷ. ಈಗಲೂ ನಮ್ಮ ಕಡೆಯವರು ಯಾರಾದರೂ ಸಿಕ್ಕರೆ, "ನಿಮ್ಮ ಮನೆ ಮುಂದೆ ಒಂದು ಹೊಂಗೆ ಮರ ಇತ್ತಲ್ಲ, ಏನು ತಂಪು, ಏನು ನೆರಳು!" ಎಂದು ಕಣ್ಣರಳಿಸುತ್ತಾರೆ. ನಾನು ಹೂಂ ಎನ್ನುತ್ತೇನೆ. ಬೇಗ ಮಾತು ಬದಲಿಸುತ್ತೇನೆ.

ಆ ಮರ ನೆಟ್ಟವನು ನನ್ನ ತಾತ. ಸಸಿಯಾಗಿದ್ದಾಗ ಮುಳ್ಳುಬೇಲಿ ಕಟ್ಟಿ, ದಿನಕ್ಕೆರಡು ಕೊಡ ನೀರು ಹೊತ್ತು ಸಾಕಿದ್ದನಂತೆ. ಮರ ದೊಡ್ಡದಾದ ಮೇಲೂ ಬೇಸಿಗೆಯಲ್ಲಿ ಕೆರೆಯ ಹೂಳು ತರಿಸಿ ಬುಡಕ್ಕೆ ಹಾಕಿಸುತ್ತಿದ್ದ. ಸುತ್ತ ಕಲ್ಲಿನ ಕಟ್ಟೆ. ಅಜ್ಜಿ ಅದನ್ನು ಎರಡು ಹೊತ್ತೂ ಗುಡಿಸುತ್ತಿದ್ದಳು. ಮರದಿಂದ ಲಾಭವೂ ಇತ್ತೆನ್ನಿ. ಬೀಜ ಗಾಣಕ್ಕೆ, ಕಡ್ಡಿ ಹಲ್ಲುಜ್ಜಲು, ಸೊಪ್ಪು ಗದ್ದೆಗೆ. ಆ ಸೊಪ್ಪು ಕೆಸರಿನಲ್ಲಿ ಕೊಳೆಯುವ ವಾರ ಗದ್ದೆಬಯಲಿಗೆ ಹೋದರೆ ಮೂಗಿನಿಂದ ಕೈ ತೆಗೆಯಲಾಗುತ್ತಿರಲಿಲ್ಲ. ನಾವು ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಹೊಂಗೆ ಬೀಜ ಇಟ್ಟುಕೊಂಡು ಅಳಿಗುಳಿಮಣೆ ಆಡುತ್ತಿದ್ದೆವು. ಗಂಡಸರು ಎಲೆಅಡಿಕೆ ಜಗಿಯುತ್ತ, ಬುಡದಲ್ಲೇ ಉಗಿಯುತ್ತ, ಜಪಾನಿನವರು ಎಲ್ಲಿಗೆ ಬಂದರೆಂದು ಮಾತಾಡುತ್ತಿದ್ದರು.

ನೆಲನೆಲ್ಲಿಗೆ ಇಂಥ ಭಾಗ್ಯ ಎಲ್ಲಿಂದ ಬರಬೇಕು? ಮಳೆ ಬಿದ್ದ ಮೇಲೆ ತಿಪ್ಪೆಯ ಮಗ್ಗುಲಲ್ಲಿ, ರಾಗಿ ಹೊಲದ ಬದುವಿನಲ್ಲಿ ತಾನಾಗಿ ಗೇಣುದ್ದ ಎದ್ದು ನಿಲ್ಲುತ್ತಿತ್ತು. ಕಳೆಯೆಂದು ಕಿತ್ತು ಬಿಸಾಡುವುದೇ ಅದಕ್ಕೆ ನಾವು ಮಾಡುತ್ತಿದ್ದ ಆರೈಕೆ. ಯಾರದಾದರೂ ಕಣ್ಣು ಹಳದಿಯಾದ ದಿನ ಮಾತ್ರ ಎಲ್ಲರಿಗೂ ಅದರ ನೆನಪು. ಆಗ ಊರಾಚೆಯ ಕೇರಿಯಲ್ಲಿದ್ದ ಕಾಳವ್ವನಿಗೆ ಹೇಳಿ ಕಳಿಸುತ್ತಿದ್ದರು. ಆ ಗಿಡದ ಗುರುತು, ಅರೆಯುವ ಹದ, ಪಥ್ಯ ಎಲ್ಲ ಅವಳಿಗೆ ಗೊತ್ತಿತ್ತು. ಮದ್ದಿಗೆ ಪ್ರತಿಯಾಗಿ ಒಂದು ಹಿಡಿ ರಾಗಿಯನ್ನೂ ಅವಳು ಮುಟ್ಟುತ್ತಿರಲಿಲ್ಲ.

ಆ ಶ್ರಾವಣದಲ್ಲಿ ನನಗೆ ಕಾಮಾಲೆ ಬಂತು. ಅವ್ವ ಬಾಣಂತನಕ್ಕೆಂದು ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು. ಅನ್ನ ಕಂಡರೆ ವಾಕರಿಕೆ, ಕಣ್ಣು ಅರಿಶಿನ. ಹಿಂದಿನ ತಿಂಗಳಷ್ಟೇ ಪಕ್ಕದ ಬೀದಿಯ ನನ್ನ ಓರಗೆಯ ಹುಡುಗಿ ಇದೇ ಕಾಯಿಲೆಯಲ್ಲಿ ತೀರಿಕೊಂಡಿದ್ದಳು. ಮನೆಯಲ್ಲಿ ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ. ಅದರಿಂದಲೇ ನನಗೆ ಭಯ ಹೆಚ್ಚಾಯಿತು.

ಮಧ್ಯಾಹ್ನ ಕಾಳವ್ವ ಸೊಪ್ಪು ತಂದಳು. ನಮ್ಮ ಮನೆ ಪೂರ್ವಕ್ಕೆ ಮುಖ ಮಾಡಿತ್ತು. ಹೊತ್ತು ತಿರುಗಿದರೆ ಮರದ ನೆರಳು ರಸ್ತೆಯ ಕಡೆಗೆ ಚಾಚುತ್ತಿತ್ತು. ಕೇರಿಯವರು ಆ ನೆರಳನ್ನು ತುಳಿಯಕೂಡದು ಎಂಬುದು ತಾತನ ಕಟ್ಟಳೆ. ಕಾಳವ್ವ ಕಾಯುತ್ತ ನಿಂತಷ್ಟೂ ನೆರಳು ಅವಳ ಪಾದದ ಹತ್ತಿರಕ್ಕೆ ಬರುತ್ತಿತ್ತು, ಅವಳು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ನಮ್ಮ ಬೀದಿಯ ಕಜ್ಜಿನಾಯಿ ಕಟ್ಟೆಯ ಬುಡದಲ್ಲೇ ಮಲಗಿತ್ತು.

"ಬೇರು ಸಮೇತ ಅರೆದು, ಮಜ್ಜಿಗೇಲಿ ಕಲಸಿ, ಬರೀ ಒಟ್ಟೇಲಿ ಕುಡುಸಿ ಬುದ್ಧಿ. ಉಪ್ಪು ಕಾರ ಕೊಡಬ್ಯಾಡಿ" ಎಂದಳು.

"ಆ ಕಲ್ ಮ್ಯಾಲೆ ಇಟ್ಟು ಓಗು" ಎಂದ ತಾತ.

ಅಜ್ಜಿ ಸೊಪ್ಪನ್ನು ಮೊರದಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹಿತ್ತಲಲ್ಲಿ ಹಸುವಿನ ಗಂಜಲ ಹಿಡಿದಿಟ್ಟ ಗಡಿಗೆಯಿತ್ತು. ಸೊಪ್ಪನ್ನು ಅದರೊಳಕ್ಕೆ ಅದ್ದಿಬಿಟ್ಟಳು.

"ಥೂ, ಅದ್ಯಾಕಜ್ಜಿ?"

"ಸುಮ್ಕಿರೇ. ಅವಳ ಕೈ ಸೋಕಿದ್ನ ಅಂಗಂಗೇ ಒಳೀಕೆ ತರಾಕಾಯ್ತದಾ? ಮಡಿ ಆಗ್ಬೇಕು."

ಬೆಳಗಿನ ತನಕ ಅದು ಅಲ್ಲೇ ನೆನೆಯಿತು. ಆ ಮೇಲೆ ಅರೆದು ನನ್ನ ಮೂಗು ಹಿಡಿದು ಹುಯ್ದರು. ನೆಲನೆಲ್ಲಿಯ ಕಹಿ ಏನೂ ಅಲ್ಲ, ಅದನ್ನು ತಡೆದುಕೊಳ್ಳಬಹುದು. ಹಳಸಿದ ಗಂಜಲದ ಆ ಘಾಟು ಮಾತ್ರ ಗಂಟಲಿನಿಂದ ಕೆಳಗಿಳಿಯಲಿಲ್ಲ. ಅಂಗಳಕ್ಕೆ ಓಡಿ ಎಲ್ಲವನ್ನೂ ಕಕ್ಕಿದೆ. ಮೂರು ದಿನವೂ ಇದೇ ಆಯಿತು. ನಾಲ್ಕನೆಯ ದಿನ ನನಗೆ ಎದ್ದು ನಿಲ್ಲಲು ಆಗಲಿಲ್ಲ, ಕಟ್ಟೆಯ ಮೇಲೆ ಚಾಪೆ ಹಾಸಿ ಮಲಗಿಸಿದರು.

ವಿಚಾರಿಸಲು ಬಂದ ಕಾಳವ್ವ ಬಿಸಿಲಿನಲ್ಲಿ ನಿಂತು ಕೇಳಿದಳು. "ವಾಂತಿ ಆಯ್ತಾ ಮಗ? ಈ ಮದ್ದಿಗೆ ಅಂಗೆ ಆಗಬಾರ್ದಲ್ಲಾ. ಏನಾರ ಬೆರಸಿದ್ರಾ?"

"ಅಜ್ಜಿ ಅದನ್ನ ಗಂಜಲದಲ್ಲಿ ನೆನಸ್ತಾಳೆ" ಎಂದುಬಿಟ್ಟೆ.

ತಾತ ಕೆಮ್ಮಿದ. ಅಜ್ಜಿ ಒಳಗೆ ಹೋದಳು. ಕಾಳವ್ವ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡಳು. ಬೈಯಲಿಲ್ಲ. "ನಾಳೆ ಮಗೀನ ಒಲದ ಬದಿನ ತಾವ್ಕೆ ಕರ್ಕಂಡು ಬನ್ನಿ ಬುದ್ಧಿ. ನಾನು ತೋರುಸ್ತೀನಿ, ಅದೇ ಕಿತ್ಕಳ್ಳಲಿ. ನಾನು ಮುಟ್ಟಾಕಿಲ್ಲ" ಎಂದು ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಅಜ್ಜಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಲಕ್ಕೆ ಒಯ್ದಳು. ಕಾಳವ್ವ ಹತ್ತು ಮಾರು ದೂರದಲ್ಲಿ ನಿಂತು ಕೋಲಿನಿಂದ ತೋರಿಸಿದಳು. "ಅದಲ್ಲ, ಅದರ ಪಕ್ಕದ್ದು. ಎಲೆ ಮಗುಚಿ ನೋಡು. ಕೆಳಗೆ ಕಾಳು ಸಾಲಾಗಿ ಅವೆಯಾ? ಅದೇ ಕಣವ್ವ, ಕೀಳು." ನಾನು ಕಿತ್ತೆ. ನನ್ನ ಕೈಯ ಸೊಪ್ಪು ಮಡಿಯೇ ಆಗಿತ್ತಲ್ಲ, ಯಾರೂ ಗಂಜಲಕ್ಕೆ ಅದ್ದಲಿಲ್ಲ. ಮದ್ದು ಹೊಟ್ಟೆಯಲ್ಲಿ ನಿಂತಿತು. ವಾರ ಕಳೆಯುವುದರೊಳಗೆ ಹಸಿವು ಬಂತು, ಕಣ್ಣು ತಿಳಿಯಾಗತೊಡಗಿತು.

ಇನ್ನು ಮುಂದೆ ಕಾಳವ್ವನ ಹಂಗೇ ಬೇಡವೆಂದು ತಾತ ಏಳೆಂಟು ನೆಲನೆಲ್ಲಿ ಗಿಡ ತರಿಸಿ ಹೊಂಗೆಯ ಬುಡದಲ್ಲೇ ನೆಟ್ಟ. ಹೂಳು ಹಾಕಿದ, ಬೇಲಿ ಕಟ್ಟಿದ, ಬೆಳಿಗ್ಗೆ ಸಂಜೆ ತಂಬಿಗೆಗಟ್ಟಲೆ ನೀರು ಹುಯ್ದ. ಮರ ಬೆಳೆಸಿದವನಿಗೆ ಕಳೆ ಬೆಳೆಸುವುದೇನು ಮಹಾ ಎಂದು ಅವನ ಎಣಿಕೆ. ಹದಿನೈದು ದಿನಕ್ಕೆ ಗಿಡಗಳೆಲ್ಲ ಹಳದಿಯಾಗಿ ಬುಡ ಕೊಳೆತು ವಾಲಿದವು. "ತಾತ, ಇವಕ್ಕೂ ಕಾಮಾಲೆ ಬಂದದೆ" ಎಂದು ನಾನು ನಕ್ಕು ಏಟು ತಿಂದೆ.

ನನ್ನ ಪಥ್ಯ ಮುಗಿದ ದಿನ ಮನೆಯಲ್ಲಿ ಹಬ್ಬದಡುಗೆ. ತಾತ ಹೊಂಗೆ ಮರಕ್ಕೆ ಅರಿಶಿನದ ಬಟ್ಟೆ ಸುತ್ತಿ ಕಾಯಿ ಒಡೆದ. "ಈ ಮರದ ಗಾಳೀಲಿ ಮಲಗಿದ್ಳಲ್ಲಾ, ಅದಕ್ಕೇ ಉಳ್ಕಂಡ್ಳು" ಎಂದು ಹಣೆತುಂಬ ವಿಭೂತಿ ಹಚ್ಚಿಕೊಂಡು ಸಾರಿದ. ಬೀದಿಯವರೆಲ್ಲ ಹೌದು ಹೌದೆಂದು ತಲೆಯಾಡಿಸಿ, ಮರದ ನೆರಳಿನಲ್ಲಿ ಪಂಕ್ತಿ ಕೂತು ಶಾವಿಗೆ ಪಾಯಸ ಸುರಿದುಂಡರು. ಕಾಳವ್ವನಿಗೂ ಹೇಳಿ ಕಳಿಸಿದ್ದರು. ಅವಳ ಎಲೆ ರಸ್ತೆಯಂಚಿನ ಬಿಸಿಲಿನಲ್ಲಿತ್ತು. ಅವಳು ಮಾತ್ರ ಎಲೆಯನ್ನು ನೋಡುತ್ತಿರಲಿಲ್ಲ, ಮರದ ಬುಡದಲ್ಲಿ ಸಾಯುತ್ತಿದ್ದ ಗಿಡಗಳನ್ನು ನೋಡುತ್ತಿದ್ದಳು.

"ಅದಕ್ಕೆ ಬಿಸಿಲು ಬೇಕು ಬುದ್ಧಿ. ಈ ನೆಳ್ಳು ಆಗಾಕಿಲ್ಲ."

"ನಿನ್ನ ಯಾರು ಕೇಳಿದ್ರು?" ಎಂದು ತಾತ ಗದರಿದ.

ಹೊತ್ತು ತಿರುಗಿತ್ತು. ನೆರಳು ಅವಳ ಎಲೆಯ ಅಂಚಿಗೆ ಬಂತು. ಅವಳು ಉಣ್ಣುತ್ತಿದ್ದ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಪಾಯಸ ಮಣ್ಣಿಗೆ ಹರಿಯಿತು. ನನಗೆ ತಡೆಯಲಾಗದೆ, "ನೆಳ್ಳಿಗೆ ಬಾ ಕಾಳವ್ವ" ಎಂದು ಕೂಗಿದೆ.

ಉಣ್ಣುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಆಮೇಲೆ ತಾತ, "ಮಗೀಗಿನ್ನೂ ಪಿತ್ತ ಇಳಿದಿಲ್ಲ" ಎಂದ. ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದು ನಕ್ಕಿತು. ಎಲ್ಲರೂ ನಗುವುದನ್ನು ಕಂಡು ನಾನೂ ನಕ್ಕೆ. ಅಜ್ಜಿ ಮತ್ತೊಂದು ಸೌಟು ಪಾಯಸ ಹಾಕಿದಳು. ತಿಂದೆ.

ಆಮೇಲೆ ಕಾಳವ್ವ ನಮ್ಮ ಬೀದಿಗೆ ಬರಲಿಲ್ಲ. ಒಮ್ಮೆ ಹೊಲದ ದಾರಿಯಲ್ಲಿ ಸಿಕ್ಕಾಗ, ದೂರದಲ್ಲೇ ನಿಂತು, "ಕಣ್ಣು ಬೆಳ್ಳಗಾದ್ವಾ ಮಗ?" ಎಂದು ಕೇಳಿದಳು. ನಾನು ತಲೆ ತಗ್ಗಿಸಿ ಓಡಿದೆ.

ರಸ್ತೆ ಅಗಲ ಮಾಡುವಾಗ ಆ ಮರ ಕಡಿದರಂತೆ. ನಮ್ಮವರು ಸೇರಿದಾಗಲೆಲ್ಲ ಹೋದ ನೆರಳಿಗಾಗಿ ಮರುಗುತ್ತಾರೆ. ಹಾಸನದಲ್ಲಿರುವ ನನ್ನ ಮನೆಯ ತಾರಸಿಯ ಕುಂಡಗಳಲ್ಲಿ ಪ್ರತಿ ಮಳೆಗಾಲ ನೆಲನೆಲ್ಲಿ ಯಾರೂ ಕರೆಯದೆ ಬರುತ್ತದೆ. ಎಲೆ ಮಗುಚಿ ಕಾಳಿನ ಸಾಲು ನೋಡುತ್ತೇನೆ, ಕೀಳುವುದಿಲ್ಲ. ಮರ ಹೋಯಿತೆಂದು ನನಗೆ ಒಂದು ಚೂರೂ ದುಃಖವಿಲ್ಲ. ಆ ಪಾಯಸದ ಸಿಹಿ ನೆನೆದರೆ ಮಾತ್ರ, ಗಂಜಲ ಕುಡಿದಾಗಲೂ ಬಾರದಿದ್ದ ಹೇಸಿಗೆ ಬರುತ್ತದೆ. ನಾನು ಕಳೆದುಕೊಂಡದ್ದು ಆ ಮಧ್ಯಾಹ್ನವನ್ನು. ಅವರೆಲ್ಲ ನಕ್ಕು ಮುಗಿಸಿದ ಮೇಲೆ "ನೆಳ್ಳಿಗೆ ಬಾ ಕಾಳವ್ವ" ಎಂದು ಇನ್ನೊಂದು ಸಲ ಕೂಗಬಹುದಾಗಿತ್ತು.