ಅತ್ತೆ ಹೆಸರು ಹೇಳದ ಗಿಡ

ನಮ್ಮ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಪೊದೆ ಇದೆ. ಎದೆಮಟ್ಟ ಬೆಳೆದಿದೆ. ಎಲೆ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಹೂಗ್ಯಂನಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದ ಅತ್ತೆ ಅದನ್ನು ತವರಿನ ಕಡೆಯಿಂದ ತಂದು ನೆಟ್ಟರಂತೆ. ಅವರು ಕಾಮಾಲೆಗೆ ಔಷಧಿ ಕೊಡುತ್ತಿದ್ದರು. ಭಾನುವಾರ ಬೆಳಗ್ಗೆ ಹೊರಗೆಲ್ಲೋ ಒಂದು ಸುತ್ತು ಹೋಗಿಬಂದು, ಆ ಗಿಡದಿಂದ ಸೊಪ್ಪು ಮುರಿದುಕೊಂಡು, ಅಡುಗೆಮನೆ ಬಾಗಿಲು ಹಾಕಿಕೊಂಡು ಅರೆಯುತ್ತಿದ್ದರು. ಗಿಡದ ಹೆಸರು ಕೇಳಿದರೆ ಸಿಡುಕುತ್ತಿದ್ದರು. "ಎಸ್ರೇಳುದ್ರೆ ಮದ್ದು ನಾಟಲ್ಲ ಕಣವ್ವ, ಸುಮ್ಕಿರು."

ಹೋದ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ಜನ ಬರುವುದು ಮಾತ್ರ ನಿಲ್ಲಲಿಲ್ಲ. ಅತ್ತೆಯ ಮೈ ಒರೆಸಿ, ಗಂಜಿ ಕುಡಿಸಿ, ಗಂಡನ ಮಗ್ಗಕ್ಕೆ ನೂಲು ಸುತ್ತಲು ಕೂತರೆ ಸಾಕು, ಬಾಗಿಲಲ್ಲಿ ಹಳದಿ ಕಣ್ಣಿನ ಯಾರೋ ಒಬ್ಬರು. ಆಸ್ಪತ್ರೆಗೆ ಹೋಗಿ ಅಂದರೆ ಸೊಸೆಗೆ ಕೊಡುವ ಮನಸ್ಸಿಲ್ಲ ಎಂದು ಗೊಣಗಿಕೊಂಡು ಹೋಗುತ್ತಾರೆ. ನನಗೂ ಸಾಕುಸಾಕಾಗಿತ್ತು.

ಹೆಸರು ಗೊತ್ತಾದರೆ ಬಲ್ಲವರನ್ನಾದರೂ ಕೇಳಬಹುದೆಂದು ಫೋನಿನಲ್ಲಿ ಫೋಟೊ ತೆಗೆದು ಹುಡುಕಿದೆ. ನೆರಳಲ್ಲಿ ತೆಗೆದರೆ ಒಂದು ಹೆಸರು ಹೇಳಿತು, ಬಿಸಿಲಲ್ಲಿ ತೆಗೆದರೆ ಇನ್ನೊಂದು. ಯಳಂದೂರಿನ ನರ್ಸರಿಯೊಂದಕ್ಕೆ ಕೊಂಬೆ ಒಯ್ದರೆ, ಬಸ್ಸಿನ ಸೆಕೆಗೆ ಅದು ಬಾಡಿ ಬದನೆಕಾಯಿಯಾಗಿತ್ತು. "ಇದ್ರಲ್ಲೇನ್ ಗೊತ್ತಾಯ್ತದಮ್ಮ, ಹೂವೋ ಕಾಯೋ ಬಿಟ್ಟಾಗ ತನ್ನಿ" ಅಂದರು. ಪೇಟೆಯಲ್ಲಿ ಹುಟ್ಟಿದವಳು ನಾನು. ರೇಷ್ಮೆ ಎಳೆಯ ಗುಣವನ್ನು ಮುಟ್ಟಿಯೇ ಹೇಳಬಲ್ಲೆ, ಗಿಡಗಂಟಿಯ ವಿಷಯದಲ್ಲಿ ದೊಡ್ಡ ಸೊನ್ನೆ.

ಈ ಕಾರ್ತೀಕದಲ್ಲಿ ಲೊಕ್ಕನಹಳ್ಳಿಯ ಹೆಂಗಸೊಬ್ಬಳು ಗಂಡನನ್ನು ಕರೆದುಕೊಂಡು ಬಂದಳು. ಅವನ ಕಣ್ಣಷ್ಟೇ ಅಲ್ಲ, ಅಂಗೈಯೂ ಅರಿಸಿನ. ಜಗುಲಿಯ ಮೇಲೆ ಕೂತವನು ತಲೆ ಎತ್ತಲಿಲ್ಲ. ನನಗೆ ಭಯವಾಯಿತು. ಅತ್ತೆಗೆ ಹುಷಾರಿಲ್ಲ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂದೆ. ಒಂದಲ್ಲ, ಹತ್ತು ಸಲ ಅಂದೆ.

"ಅಂಗನ್ಬೇಡಿ ಕಣ್ರವ್ವ. ನಮ್ಮಣ್ಣುನ್ನ ಉಳುಸ್ದೋರು ನಿಮ್ಮತ್ತೆನೇಯ. ಅವ್ರ ಮದ್ದಿಲ್ದೆ ನಾ ಓಗಕಿಲ್ಲ" ಎಂದು ಕಾಲಿಗೇ ಬಿದ್ದಳು.

ಅಯ್ಯೋ ಹಾಳಾಗಿ ಹೋಗಲಿ, ಗಿಡವನ್ನೇ ತೋರಿಸಿಬಿಡೋಣ, ಇವಳಿಗಾದರೂ ಏನಾದರೂ ಗೊತ್ತಿರಬಹುದು ಎಂದು ಹಿಂದಕ್ಕೆ ಕರೆದೊಯ್ದೆ. ಗಿಡದ ತುಂಬ ರೆಕ್ಕೆಯಿದ್ದ ತೆಳ್ಳನೆಯ ಕೆಂಪು ಕಾಯಿಗಳು. ಅವಳು ಗಿಡವನ್ನೂ ನನ್ನನ್ನೂ ನೋಡಿದಳು. "ಇದಾ? ಇದು ಬಂದರಿಕೆ ಅಲ್ವ್ರಾ? ನಮ್ಮ ಗುಡ್ಡದ್ ತುಂಬ ಇದೇಯ. ಒಲೆಗಾಕ್ತೀವಿ."

ಒಂದು ಕೊಂಬೆ ಮುರಿದುಕೊಂಡು ಅವಳನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಅತ್ತೆಯ ಕಣ್ಣೆದುರು ಹಿಡಿದು, "ಇದೇನಾ ಅತ್ತೆ ಕಾಮಾಲೆ ಮದ್ದು? ಹೊರಗೆ ಒಂದು ಜೀವ ಕೂತಿದೆ" ಅಂದೆ. ಅವರು ಕೊಂಬೆಯನ್ನು ನೋಡಿದರು. ಸೊಟ್ಟ ಬಾಯಿ ಇನ್ನಷ್ಟು ಸೊಟ್ಟಗಾಯಿತು. ನಗುತ್ತಿದ್ದರು! ಎಡಗೈಯಿಂದ ಕೊಂಬೆಯನ್ನು ಅತ್ತ ತಳ್ಳಿದರು.

ಆಗ ಹೊಳೆಯಿತು. ಅಸಲಿ ಸೊಪ್ಪು ಬೇರೆ ಯಾವುದೋ, ಅದು ಸೆರಗಿನ ಮರೆಯಲ್ಲಿ ಬರುತ್ತಿತ್ತು. ಬಂದರಿಕೆ ಮುರಿಯುತ್ತಿದ್ದದ್ದು ನೋಡುವವರ ಕಣ್ಣು ತಪ್ಪಿಸಲಿಕ್ಕೆ. ಔಷಧಿಗೆ ಬಂದವರು ಯಾರೂ ಮನೆಯ ಹಿಂದಕ್ಕೆ ಬರುತ್ತಿರಲಿಲ್ಲ. ಅಲ್ಲಿ ನಿಂತು ನೋಡುತ್ತಿದ್ದವಳು ನಾನೊಬ್ಬಳೇ. ನೋವಾಯಿತು. ಈ ಮೈಯನ್ನು ದಿನಾ ತೊಳೆಯುವವಳು ನಾನು.

"ಹಾಗಾದರೆ ಯಾವುದು? ಬೊಟ್ಟು ಮಾಡಿಯಾದರೂ ತೋರಿಸಿ" ಎಂದು ಬೇಡಿಕೊಂಡೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು.

ಹೊರಗೆ ಬಂದೆ. ಆ ಹೆಂಗಸು ಜಗುಲಿಗೆ ಬಂದು ಗಂಡನ ಪಕ್ಕ ಕಾಯುತ್ತಿದ್ದಳು. ಅತ್ತೆಗೆ ಮಾತು ನಿಂತದ್ದು ಅವಳಿಗೆ ಗೊತ್ತಿರಲಿಲ್ಲ.

"ದೊಡ್ಡವ್ವ ಏನಂದ್ರವ್ವ?"

"ಮದ್ದು ಬ್ಯಾಡ್ವಂತೆ. ಈಗ್ಲೇ ಆಸ್ಪತ್ರೆಗೆ ಕರ್ಕಂಡೋಗ್ಬೇಕಂತೆ" ಅಂದೆ.

ಅವಳು ಒಳಬಾಗಿಲಿಗೆ ಕೈಮುಗಿದು, ಗಂಡನ ತೋಳು ಹಿಡಿದು ಎಬ್ಬಿಸಿದಳು. "ಅವ್ರೇ ಏಳುದ್ಮೇಲೆ ಇನ್ನೇನು, ನಡೀರಿ ಓಗವ."

ಬೆಳಗ್ಗಿಂದ ನಾನು ಬಾಯಿ ಬಡಿದುಕೊಂಡಿದ್ದೂ ಅದನ್ನೇ.